ಹಗುರ ಹೊತ್ತು

ನಮ್ಮ ಊರಿನಲ್ಲಿ ಹೆಣವನ್ನು ಬೆಳಗಿನಲ್ಲಿ ಹೊತ್ತರೆ ಮರ್ಯಾದೆ, ಮಧ್ಯಾಹ್ನ ಮೂರು ಹತ್ತರ ಮೇಲೆ ಹೊತ್ತರೆ ಅನುಕೂಲ. ಯಾರ ಮನೆಯಲ್ಲಿ ಸಾವಾದರೂ ಜನ ಬಾಗಿಲಲ್ಲಿ ನಿಂತು ಮೊದಲು ಕೇಳುತ್ತಿದ್ದದ್ದು ‘ಏನಾಗಿತ್ತು’ ಎಂದಲ್ಲ, ‘ಯಾವ ಹೊತ್ತಿನ್ಯಾಗ ಒಯ್ತೀರಿ’ ಎಂದು. ಕೋರ್ಟಿನ ಕಾರಕೂನ ಸತ್ತಾಗ ಅವನ ಮೂವರು ಗಂಡುಮಕ್ಕಳು ಗಡಿಯಾರ ನೋಡುತ್ತ ಮೂರು ಹತ್ತರವರೆಗೆ ಕಟ್ಟೆಯ ಮೇಲೆ ಕೂತಿದ್ದರಂತೆ. ಇಪ್ಪತ್ತು ವರ್ಷವಾದರೂ ಆ ಮನೆಗೆ ‘ಹಗುರ ಹೊತ್ತವರ ಮನೆ’ ಎಂದೇ ಹೆಸರು.

ಮೂರು ಹತ್ತರಿಂದ ಮೂರು ಐವತ್ತರವರೆಗೆ, ದಿನಕ್ಕೆ ನಲವತ್ತು ನಿಮಿಷ, ನಮ್ಮಲ್ಲಿ ಎಲ್ಲದರ ತೂಕ ಕಾಲು ಪಾಲಿಗೆ ಇಳಿಯುತ್ತಿತ್ತು. ಮನುಷ್ಯರದು, ತುಂಬಿದ ಕೊಡದ್ದು, ಎಮ್ಮೆಯದು, ಬೀಸುವ ಕಲ್ಲಿನದು. ಅದು ಹಗುರ ಹೊತ್ತು. ಉಳಿದದ್ದೆಲ್ಲ ಭಾರ ಹೊತ್ತು. ಹೆಂಗಸರು ಸೆರಗಿನ ತುದಿಗೆ ಹುಣಸೆ ಬೀಜದಷ್ಟು ಸೀಸದ ಗುಂಡು ಹೊಲಿದುಕೊಳ್ಳುತ್ತಿದ್ದರು. ಚಹಾದಂಗಡಿಯಲ್ಲಿ ಆ ನಲವತ್ತು ನಿಮಿಷ ಯಾರೂ ಚಹಾವನ್ನು ಎತ್ತಿ ಸುರಿಯುತ್ತಿರಲಿಲ್ಲ. ಮೊಣಕಾಲು ನೋವಿನ ಮುದುಕರು ದಿನದ ಮೆಟ್ಟಿಲುಗಳನ್ನೆಲ್ಲ ಆ ಹೊತ್ತಿಗೆಂದು ಉಳಿಸಿಕೊಳ್ಳುತ್ತಿದ್ದರು. ಆಡುಗಳು ಹಂಚಿನ ಮೇಲೆ ಜಿಗಿದು ಹತ್ತಿಬಿಡುತ್ತಿದ್ದವು. ಇಳಿಯಲು ಮರೆತ ಆಡು ಮರುದಿನ ಮೂರು ಹತ್ತರವರೆಗೆ ಅಲ್ಲೇ ನಿಂತು ಅರಚುತ್ತಿತ್ತು. ಇದು ಯಾಕೆ ಹೀಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವಷ್ಟು ಪುರಸೊತ್ತು ಇದ್ದವರು ನಮ್ಮಲ್ಲಿ ಕಡಿಮೆ.

ನಿಷೇಧವೆಂದರೆ ಒಂದೇ ಒಂದು. ಮೂರು ಹತ್ತಕ್ಕೆ ಸರಿಯಾಗಿ ಮಾರ್ಕೆಟ್ಟಿನ ದೊಡ್ಡ ಹಿತ್ತಾಳೆ ತಕ್ಕಡಿಯನ್ನು ಕೆಳಗಿಳಿಸಿ, ಬಿಳಿ ಅರಿವೆ ಮುಚ್ಚಿ ಇಡಬೇಕು. ಹಗುರ ಹೊತ್ತಿನಲ್ಲಿ ಯಾರೂ ಏನನ್ನೂ ತೂಗಬಾರದು. ‘ಹಗುರ ಹೊತ್ತಿನ ತೂಕ’ ಎಂದರೆ ನಮ್ಮಲ್ಲಿ ಮೋಸಕ್ಕೆ ಇನ್ನೊಂದು ಹೆಸರು. ಮದುವೆಯ ಮಾತುಕತೆಯಲ್ಲಿ ಆ ಮಾತು ಬಂದರೆ ಸಂಬಂಧವೇ ಮುರಿಯುತ್ತಿತ್ತು. ತಕ್ಕಡಿಯ ಉಸ್ತುವಾರಿ ತೂಕದ ಸಿದ್ರಾಮಪ್ಪನ ಮನೆತನದ್ದು. ಜನ ದೇವರ ಮೇಲೆ ಆಣೆ ಹಾಕಿ ತಪ್ಪಿಸಿಕೊಳ್ಳುತ್ತಿದ್ದರು, ಆ ತಕ್ಕಡಿಯ ಮೇಲೆ ಹಾಕಿದರೆ ತಪ್ಪುತ್ತಿರಲಿಲ್ಲ.

ನಮ್ಮದು ಹತ್ತಿಯ ಊರು. ಲಾರಿಗಳು ಎರಡೂವರೆಗೇ ಬಂದು ದಲಾಲರ ಅಡತಿ ಅಂಗಡಿಗಳ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಮೂರು ಹತ್ತಕ್ಕೆ ಹಮಾಲರು ಎದ್ದರೆ ಬೇರೆ ಊರಿನ ಹಮಾಲರ ಇಡೀ ದಿನದ ಕೆಲಸ ನಲವತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ನೋಡುವವರಿಗೆ ಆಟದಂತೆ ಕಾಣುತ್ತಿತ್ತು. ಆದರೆ ಒತ್ತಿ ಕಟ್ಟಿದ ಹತ್ತಿ ಅಂಡಿಗೆಯ ತೂಕ ಇಳಿದರೂ ಅದರ ಓಟ ಇಳಿಯುವುದಿಲ್ಲ. ಕೈತಪ್ಪಿ ಉರುಳಿದ ಅಂಡಿಗೆ ಹಗುರ ಹೊತ್ತಿನಲ್ಲೂ ಪಕ್ಕೆಲುಬು ಮುರಿಯುತ್ತದೆ. ‘ಹಗುರ ಐತಿ ಅಂತ ಎದಿ ಕೊಡಬ್ಯಾಡ’ ಎಂಬುದು ಹಮಾಲರ ಮೊದಲ ಪಾಠ. ಎರಡನೆಯ ಪಾಠ ಸೀಟಿ. ಮೂರು ನಲವತ್ತೆಂಟಕ್ಕೆ ಹಮಾಲರ ಹಿರಿಯ ದ್ಯಾಮಣ್ಣ ಸೀಟಿ ಊದಿದರೆ ಎಲ್ಲರೂ ಹೊರೆ ಇಳಿಸಿ, ಏಣಿ ಬಿಟ್ಟು ನೆಲಕ್ಕೆ ಬರಬೇಕು.

ನನ್ನ ಅಕ್ಕ ಹಂಪವ್ವ ದ್ಯಾಮಣ್ಣನ ಗುಂಪಿನಲ್ಲಿದ್ದಳು. ಅವ್ವ, ಅಪ್ಪ ಹೋದ ಮೇಲೆ ನನ್ನನ್ನು ಡಿಗ್ರಿಯವರೆಗೆ ಓದಿಸಿದ್ದು ಅವಳ ತಲೆಯ ಮೇಲಿನ ಚೀಲಗಳು. ಆ ಗುಂಪಿನಲ್ಲಿ ಹೆಣ್ಣು ಹಮಾಲರು ಆರು ಜನ. ಮಾತಿನಲ್ಲಿ ಅಕ್ಕ ಒಬ್ಬಳೇ ಆರು ಜನ. ಒಂದು ದಿನ ಸೀಟಿಯಾದ ಮೇಲೂ ಅವಳು ಏಣಿಯ ಒಂಬತ್ತನೇ ಮೆಟ್ಟಿಲಲ್ಲಿ, ತಲೆಯ ಮೇಲೆ ಹತ್ತಿಕಾಳಿನ ಚೀಲ ಇಟ್ಟುಕೊಂಡೇ ನಿಂತು ದ್ಯಾಮಣ್ಣನ ಜೊತೆ ವಾದಕ್ಕಿಳಿದಳು. ಚೀಲಗಳನ್ನು ಅಡ್ಡ ಒಟ್ಟಬೇಕೋ ಉದ್ದಕ್ಕೆ ಒಟ್ಟಬೇಕೋ ಎಂಬುದು ವಾದ.

‘ಅಡ್ಡ ಹಾಕಿದ್ರ ಜಾರತಾವ ದ್ಯಾಮಣ್ಣಾ, ನಿನ್ನ ಮೀಸಿ ಜಾರಿದಂಗ.’

‘ಮೊದ್ಲ ಇಳಿಯವಾ ನೀ. ಆಮ್ಯಾಲ ನನ್ನ ಮೀಸಿ ಎಣಸಾಕಂತಿ.’

‘ಉದ್ದಕ್ಕ ಅಂತ ಒಪ್ಕೋ, ಇಳೀತೀನಿ.’

ದ್ಯಾಮಣ್ಣ ಒಪ್ಪಿಕೊಳ್ಳಲಿಲ್ಲ. ಮೂರು ಐವತ್ತಾಯಿತು.

ಆಮೇಲೆ ಅಕ್ಕ ಭಾರ ಹೊತ್ತಿನಲ್ಲಿ ಎದ್ದು ನಿಲ್ಲಲಿಲ್ಲ. ಸೊಂಟದ ಕೆಳಗೆ ಜೀವವಿತ್ತು, ತಾಕತ್ತು ಇರಲಿಲ್ಲ. ಕಾಲುಗಳು ಅವಳ ಪೂರ್ತಿ ತೂಕವನ್ನು ತಡೆಯುತ್ತಿರಲಿಲ್ಲ, ಕಾಲು ಪಾಲನ್ನು ತಡೆಯುತ್ತಿದ್ದವು. ಹಾಗಾಗಿ ಅವಳ ಇಡೀ ಬದುಕು ನಲವತ್ತು ನಿಮಿಷದೊಳಗೆ ಬಂದು ಕೂತಿತು. ಎರಡು ಗಂಟೆಗೆ ತಲೆ ಬಾಚಿಸಿಕೊಳ್ಳುವಳು. ಎರಡೂವರೆಗೆ ಚಪ್ಪಲಿ ಹಾಕಿಸಿಕೊಂಡು ಮಂಚದ ಅಂಚಿಗೆ ಕೂರುವಳು. ಮೂರು ಹತ್ತಕ್ಕೆ ಮೈ ಹಗುರಾದದ್ದೇ ತಡ, ಕೈಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟುಬಿಡುವಳು. ಆ ಹೊತ್ತಿನಲ್ಲಿ ತೂಕವಿಲ್ಲ, ಎಲ್ಲ ಎಣಿಕೆಯ ವ್ಯಾಪಾರ. ಬದನೆಕಾಯಿ, ಮೂಲಂಗಿ, ಪುಂಡಿಪಲ್ಯದ ಕಟ್ಟು. ಒಂದೊಂದನ್ನೂ ತಿರುಗಿಸಿ ನೋಡಿ, ಹುಳುಕು ಹುಡುಕಿ, ಮಾರುವವಳ ಏಳು ತಲೆಮಾರು ಜಾಲಾಡಿ, ಮೂರು ನಲವತ್ತಾರಕ್ಕೆ ಮನೆಯ ಹೊಸ್ತಿಲಲ್ಲಿರುವಳು. ಮಂಚದ ಮೇಲೆ ಕೂತು ‘ಇವತ್ತ ಆಕಿ ಮಾರಿ ನೋಡಬೇಕಿತ್ತು ತಮ್ಮಾ’ ಎನ್ನುವಾಗ ಅವಳ ಮೇಲೆ ಭಾರ ಬಂದು ಇಳಿಯುವುದು ನನಗೆ ಕಾಣುತ್ತಿತ್ತು. ಮೊದಲು ಭುಜ, ಆಮೇಲೆ ಕೆನ್ನೆ.

ಹಗುರ ಹೊತ್ತನ್ನು ಅಳೆಯುವ ಸಂಶೋಧನಾ ಕೇಂದ್ರ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಮುಚ್ಚಿಹೋಗಿದ್ದ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಕಟ್ಟಡಕ್ಕೆ ಸುಣ್ಣ ಬಳಿದು ಬೋರ್ಡು ಹಾಕಿದರು. ಮುಖ್ಯಸ್ಥೆ ಡಾಕ್ಟರ್ ತೇಲಂಗ. ‘ತೇಲಂಗ ಅಂದ್ರ ಏನು, ನಮ್ಮನ್ನ ತೇಲಸಾಕ ಬಂದಾಳೇನು?’ ಎಂದು ಹಮಾಲರು ನಕ್ಕರು. ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಹೆಂಗಸು. ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು, ಎಲ್ಲರನ್ನೂ ಬಹುವಚನದಲ್ಲಿ ಕರೆಯುತ್ತಿದ್ದರು. ಅವರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು.

ನನಗೆ ಅಲ್ಲಿ ಕೆಲಸ ಸಿಕ್ಕಿತು, ಅಕ್ಷರ ದುಂಡಗಿತ್ತೆಂದು. ಹತ್ತು ಕಿಲೋದ ಕಬ್ಬಿಣದ ಗುಂಡೊಂದನ್ನು ಸ್ಪ್ರಿಂಗ್ ಕಾಟಾಕ್ಕೆ ತೂಗುಹಾಕಿದ್ದರು. ಗುಂಡು ಜಗ್ಗಿದಷ್ಟು ಸ್ಪ್ರಿಂಗು ಇಳಿಯುತ್ತದೆ, ಮುಳ್ಳು ಅಂಕಿ ತೋರಿಸುತ್ತದೆ. ಮೂರರಿಂದ ನಾಲ್ಕರವರೆಗೆ ನಿಮಿಷಕ್ಕೊಮ್ಮೆ ಮುಳ್ಳು ನೋಡಿ ಬರೆಯುವುದು ನನ್ನ ಕೆಲಸ. ಹತ್ತು, ಹತ್ತು, ಹತ್ತು, ಆಮೇಲೆ ಮೂರು ಹತ್ತಕ್ಕೆ ಎರಡೂವರೆ. ‘ಏನಪಾ ಸಾಯನ್ಸು, ಇವತ್ತಾರ ಹೊಸಾದೇನಾರ ಬಂತೇನು?’ ಎಂದು ದಾರಿಯಲ್ಲಿ ದ್ಯಾಮಣ್ಣ ಕೂಗುವನು. ‘ಅದ ಎರಡೂವರಿ ಕಾಕಾ.’ ‘ಅದನ್ನ ನಮ್ಮ ಆಡಿಗೆ ಕೇಳಿದ್ರ ಪುಗಸೆಟ್ಟೆ ಹೇಳತಿತ್ತಲ್ಲೋ.’

ಎರಡನೆಯ ವರ್ಷ ಜಿನ್ನಿನೊಳಗೆ ಒಂದು ಕೋಣೆ ಕಟ್ಟಿದರು. ಹನ್ನೆರಡು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ. ಗೋಡೆಗಳಿಗೆ ಬೂದು ತಗಡು, ನೆಲದಡಿಯಿಂದ ಆಳಕ್ಕೆ ಇಳಿದ ದಪ್ಪ ಕೊಳವೆ, ಮಾರ್ಕೆಟ್ಟಿನ ರಸ್ತೆಗೆ ತೆರೆಯುವ ಒಂದು ಕಿಟಕಿ. ಅದಕ್ಕೆ ಒಳಕೋಣೆ ಎನ್ನುತ್ತಿದ್ದರು. ಅದರೊಳಗೆ ಹಗುರ ಹೊತ್ತು ಮುಗಿಯುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹೋಗಿ ನಿಂತರೂ ಮುಳ್ಳು ಎರಡೂವರೆ, ಸಂಜೆ ಆರಕ್ಕೂ ಎರಡೂವರೆ.

ತೇಲಂಗ ಮೇಡಂ ನಮ್ಮ ಮನೆಗೇ ಬಂದರು. ಅಕ್ಕನ ಮಂಚದ ಪಕ್ಕದ ಕಟ್ಟಿಗೆ ಪೆಟ್ಟಿಗೆಯ ಮೇಲೆ ಕೂತು ಹೇಳಿದರು: ‘ಆಕಾಶಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು ಕೆಲಸ ಮಾಡುವವರು ಇದ್ದಾರೆ, ಹಂಪವ್ವ. ಅಲ್ಲಿ ಅವರ ಮೂಳೆ ಸವೆಯುತ್ತದೆ. ಎಷ್ಟು, ಹೇಗೆ, ಎಲ್ಲಿ ನಿಲ್ಲುತ್ತದೆ, ಅದು ಗೊತ್ತಾಗಬೇಕಾದರೆ ಕೆಳಗೆ ಯಾರಾದರೂ ಹಗುರವಾಗಿ ಬದುಕಿ ತೋರಿಸಬೇಕು.’ ಕಾಗದ ನನ್ನ ಕೈಗೆ ಕೊಟ್ಟರು. ನಾನು ಅಕ್ಕನಿಗೆ ಎಲ್ಲವನ್ನೂ ಓದಿದೆ, ಏಳನೇ ಕಲಮನ್ನು ಎರಡು ಸಲ ಓದಿದೆ: ಎಲುಬುಗಳ ಗಟ್ಟಿತನ ಕುಂದಬಹುದು, ಕುಂದಿದ್ದು ಮರಳಿ ಬಾರದೆ ಇರಬಹುದು.

‘ಒಳಗ ಇದ್ದಷ್ಟು ಹೊತ್ತೂ ನಡೀಬಹುದೇನ್ರಿ?’ ಎಂದಳು ಅಕ್ಕ.

‘ನಡೀಬಹುದು.’

‘ಮತ್ತ ಓದೂದೇನೈತೋ ತಮ್ಮಾ? ಇಲ್ಲಿ ಮಲಕೊಂಡು ಗಟ್ಟಿ ಎಲುಬ ಇಟಗೊಂಡು ಏನ ಪೂಜಾ ಮಾಡ್ಲಿ? ಎಲ್ಲಿ ಒತ್ತಬೇಕು ತೋರಸು.’

ಹೆಬ್ಬೆಟ್ಟು ಒತ್ತಿದಳು. ಮೊದಲ ದಿನ ಒಳಕೋಣೆಯಲ್ಲಿ ಅವಳು ನಡೆದದ್ದು ಆರು ಸಾವಿರದ ಇನ್ನೂರು ಹೆಜ್ಜೆ, ಬರೆದವನು ನಾನೇ. ಮೂರನೆಯ ದಿನ ಕಸಬರಿಗೆ ಕೇಳಿ ತರಿಸಿಕೊಂಡಳು. ವಾರದ ಮೇಲೆ ಒಲೆ ಕೇಳಿದಳು. ನಾಲ್ಕು ವರ್ಷದ ಮೇಲೆ ನಿಂತುಕೊಂಡು ರೊಟ್ಟಿ ಬಡಿದಳು. ಕಾಟಾದ ಮುಂದೆ ಕೂತ ನನಗೆ ತಗಡಿನ ಗೋಡೆಯಾಚೆಯಿಂದ ಆ ಬಡಿತ ಕೇಳುತ್ತಿತ್ತು. ಸಂಜೆ ಅವಳನ್ನು ಗಾಲಿಕುರ್ಚಿಯಲ್ಲಿ ಮನೆಗೆ ತರುವಾಗ ಅವಳು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಬರಬರುತ್ತ ಅಲ್ಲಿಯೇ ಮಲಗತೊಡಗಿದಳು.

ಒಳಕೋಣೆ ಶುರುವಾದ ಎರಡು ತಿಂಗಳಿಗೆ ನನ್ನ ಪುಸ್ತಕದಲ್ಲಿ ಒಂದು ಸಾಲು ತಪ್ಪಿತು. ಮೂರು ನಲವತ್ತೊಂಬತ್ತಕ್ಕೇ ಮುಳ್ಳು ಹತ್ತಕ್ಕೆ ಹೋಗಿ ನಿಂತಿತ್ತು. ಮುಂದಿನ ತಿಂಗಳು ನಲವತ್ತಾರಕ್ಕೆ. ಮಳೆಗಾಲಕ್ಕೆ ಮೂವತ್ತೆಂಟಕ್ಕೆ. ನಾನು ಪುಸ್ತಕವನ್ನು ಮೇಡಂ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

‘ಒಳಕೋಣೆಯ ಹಗುರ ಎಲ್ಲಿಂದಲೋ ಬರಬೇಕಲ್ಲ, ಫಕೀರಪ್ಪ’ ಎಂದರು.

ದ್ಯಾಮಣ್ಣ ಸೀಟಿಯನ್ನು ನಲವತ್ತೆಂಟರಿಂದ ನಲವತ್ತಕ್ಕೆ ತಂದ, ಆಮೇಲೆ ಮೂವತ್ತಕ್ಕೆ. ಆದರೆ ಸೀಟಿಗಿಂತ ಮುಂಚೆಯೇ ಭಾರ ಬಂದು ಬೀಳತೊಡಗಿತು. ಇಬ್ಬರು ಹಮಾಲರು ಸೊಂಟ ಮುರಿದುಕೊಂಡು ಮಲಗಿದರು. ತುಂಬದೆ ಉಳಿದ ಲಾರಿಗಳು ಬೇರೆ ಪೇಟೆಯ ದಾರಿ ಹಿಡಿದವು. ಹಂಚಿನ ಮೇಲೆ ಆಡುಗಳು ಎರಡೆರಡು ದಿನ ಉಳಿಯತೊಡಗಿದವು. ಆಗ ಊರು ಒಂದಾಗಿ ಅರ್ಜಿ ಬರೆಯಿತು: ಸಂಶೋಧನಾ ಕೇಂದ್ರದವರು ನಮ್ಮ ಹಗುರ ಹೊತ್ತು ತಿನ್ನುತ್ತಿದ್ದಾರೆ, ಒಳಕೋಣೆ ಮುಚ್ಚಿಸಬೇಕು. ರಾಜಧಾನಿಯಿಂದ ಉತ್ತರ ಬರಲು ಐದು ತಿಂಗಳು ಹಿಡಿಯಿತು. ಮೂವರ ಸಮಿತಿ ಬರುತ್ತದೆ, ಪರೀಕ್ಷೆ ಮಾಡುತ್ತದೆ, ಅದರ ಮಾತೇ ಕೊನೆ.

ಪರೀಕ್ಷೆ ಯಾವುದರಿಂದ ಎಂಬ ಪ್ರಶ್ನೆ ಬಂದಾಗ ಸಿದ್ರಾಮಪ್ಪ ಮಾರ್ಕೆಟ್ಟಿನ ಸಭೆಯಲ್ಲಿ ಎದ್ದು ನಿಂತ. ‘ಜಿನ್ನಿನ್ಯಾಗಿನ ಕಾಟಾ ಬ್ಯಾಡ. ಅವರ ಕಾಟಾ ಅವರ ಮಾತ ಕೇಳತೈತಿ. ನಮ್ಮ ತಕ್ಕಡಿ ಐತಿ. ನೂರು ವರ್ಷದಾಗ ಒಂದ ಸಲಾನೂ ಸುಳ್ಳ ಹೇಳಿಲ್ಲ. ಒಂದಿನಾ ಅರಿವಿ ತಗೀತೀನಿ. ಊರಿನ ಸಲುವಾಗಿ ಆ ಪಾಪಾ ನನಗಿರಲಿ.’ ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಕೈಗಳೂ ಒಂದಕ್ಕೊಂದು ತಟ್ಟಿದವು.

ಒಂದು ತಟ್ಟೆಯಲ್ಲಿ ಜೋಳ, ಇನ್ನೊಂದರಲ್ಲಿ ಕಲ್ಲು. ಹಗುರ ಹೊತ್ತು ಜೋಳವನ್ನೂ ಹಗುರ ಮಾಡುತ್ತದೆ, ಕಲ್ಲನ್ನೂ ಅಷ್ಟೇ ಹಗುರ ಮಾಡುತ್ತದೆ. ಎರಡೂ ಕಡೆ ಒಟ್ಟಿಗೆ ಇಳಿದರೆ ತಕ್ಕಡಿಗೆ ಏನೂ ಆಗಿಲ್ಲ. ಹೈಸ್ಕೂಲಿನ ಹುಡುಗನಿಗೆ ಗೊತ್ತಾಗಬೇಕಾದ ಮಾತು. ಆದರೆ ಹಗುರ ಹೊತ್ತಿನಲ್ಲಿ ತೂಗುತ್ತಿರುವ ತಕ್ಕಡಿಯನ್ನು ನಮ್ಮ ಊರಿನಲ್ಲಿ ಯಾರೂ, ಎಂದೂ ಕಣ್ಣಾರೆ ಕಂಡಿರಲಿಲ್ಲ. ನೂರು ವರ್ಷದ ಪ್ರಾಮಾಣಿಕತೆ ಅದರ ಮೇಲೆ ಅರಿವೆ ಮುಚ್ಚಿ ಇಟ್ಟಿತ್ತು.

ಸಮಿತಿ ಬರುವ ಹಿಂದಿನ ದಿನ ಮೇಡಂ ನನ್ನನ್ನು ಕರೆದರು. ‘ನಾಳೆ ಅವರು ತಕ್ಕಡಿ ತರುತ್ತಾರಂತೆ. ನಾನು ಬೇಡ ಅನ್ನುವುದಿಲ್ಲ. ಅದು ಅವರ ಹಕ್ಕು.’

‘ಮೇಡಂ, ತಕ್ಕಡಿಯಲ್ಲಿ...’

‘ಗೊತ್ತು. ನಿಮಗೂ ಗೊತ್ತು.’ ಅವರು ಕಿಟಕಿಯಾಚೆ ನೋಡಿದರು. ‘ಹಂಪವ್ವ ಇವತ್ತು ಎಷ್ಟು ಹೆಜ್ಜೆ ನಡೆದರು?’

‘ಏಳು ಸಾವಿರದ ಒಂಬೈನೂರು.’

‘ಒಳ್ಳೆಯದು’ ಎಂದರು. ಅಷ್ಟೇ. ಬೆದರಿಸಲಿಲ್ಲ, ಏನನ್ನೂ ಕೇಳಿಕೊಳ್ಳಲಿಲ್ಲ. ಪಕ್ಕದ ಕೋಣೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

ಮರುದಿನ ಮಾರ್ಕೆಟ್ಟಿನ ನಡುವೆ ಮುಕ್ಕಾಲಿಗೆ ತಕ್ಕಡಿ ತೂಗುಹಾಕಿದರು. ಸಿದ್ರಾಮಪ್ಪ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದ, ತಟ್ಟೆಗಳಲ್ಲಿ ಮುಖ ಕಾಣುತ್ತಿತ್ತು. ತೆಂಗಿನಕಾಯಿ ಒಡೆದು ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡ. ಸಮಿತಿಯ ಹಿರಿಯರು ಅರ್ಜಿ ತೆರೆದು ಕೇಳಿದರು: ‘ಇಲ್ಲೊಂದು ಅರ್ಥವಾಗಲಿಲ್ಲ. ನೀವು ಹಗುರವಾದದ್ದನ್ನು ಹೊತ್ತಿದ್ದೀರಿ ಅಂತ ನಮ್ಮ ಕಚೇರಿಯಲ್ಲಿ ತರ್ಜುಮೆ ಮಾಡಿದ್ದಾರೆ. ಹಗುರ ಹೊತ್ತರೆ ಒಳ್ಳೆಯದೇ ಅಲ್ಲವೇ? ದೂರು ಏನು?’ ಜನ ಗೊಳ್ಳೆಂದರು. ‘ಹೊತ್ತದ್ದಲ್ರಿ ಸಾಹೇಬ್ರ, ಹೊತ್ತು! ಟೈಮು!’ ಎಂದು ದ್ಯಾಮಣ್ಣ ಕೂಗಿದ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಗೆದ್ದೆವು ಎಂದುಕೊಂಡ ಜನರ ನಗು ಅದು.

ಒಂದು ತಟ್ಟೆಗೆ ಇಪ್ಪತ್ತು ಕಿಲೋದ ಕಲ್ಲು, ಇನ್ನೊಂದಕ್ಕೆ ಸಮನಾಗಿ ಜೋಳ. ಮುಳ್ಳು ನಟ್ಟನಡುವೆ ನಿಂತಿತು. ಮೂರು ಹತ್ತಾಯಿತು. ಸಮಿತಿಯವರ ಫೈಲಿನ ಹಾಳೆಗಳು ಗಾಳಿಗೆ ಮೇಲೆದ್ದವು, ಒಬ್ಬರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅವರ ಮೈಗೂ ಗೊತ್ತಾಗಿತ್ತು. ಆದರೆ ಬರೆಯಬೇಕಾದದ್ದು ಮೈಗೆ ಗೊತ್ತಾದದ್ದನ್ನಲ್ಲ.

‘ಮುಳ್ಳು ಎಲ್ಲಿದೆ?’

ಸಿದ್ರಾಮಪ್ಪ ಬಗ್ಗಿ ನೋಡಿದ. ಬೆರಳಿನಿಂದ ದಂಡಿಗೆಯನ್ನು ತಟ್ಟಿದ. ಜೋಳ ತೆಗೆದು ಮತ್ತೆ ಹಾಕಿದ. ತಟ್ಟೆಯ ಮೇಲೆ ದೂಳು ಕೂತಿದೆಯೇನೋ ಎಂದು ಬಾಯಿಂದ ಊದಿದ. ‘ನಡುವ ಐತ್ರಿ’ ಎಂದ. ಅವನ ದನಿ ಇಳಿದಿತ್ತು.

‘ಮೊದಲು ಎಲ್ಲಿತ್ತು?’

‘ನಡುವ ಇತ್ರಿ.’

ಜನ ಒಬ್ಬರ ಮುಖ ಒಬ್ಬರು ನೋಡಿದರು. ಸಿದ್ರಾಮಪ್ಪ ಸುತ್ತಲೂ ಕಣ್ಣಾಡಿಸಿ ನನ್ನನ್ನು ಹುಡುಕಿದ. ‘ಫಕೀರಪ್ಪಾ, ನೀ ಕಲತಾಂವ. ಇದ್ಯಾಕ ಹಿಂಗ ಆಕ್ಕೈತೋ? ಎಲ್ಲಿ ತಪ್ಪೇನಿ ನಾ?’

ಮೂರು ಮಾತು ಸಾಕಾಗಿತ್ತು. ಕಲ್ಲೂ ಹಗುರ ಆಗೇತಿ. ಜಿನ್ನು ಅಲ್ಲಿಂದ ಕಾಣುತ್ತಿತ್ತು, ಒಳಕೋಣೆಯ ಕಿಟಕಿಯೂ ಕಾಣುತ್ತಿತ್ತು. ಕಿಟಕಿಯ ಹಿಂದೆ ಒಂದು ಹಸಿರು ಸೀರೆ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿತ್ತು.

‘ತಿಳೀವಲ್ದು ಕಾಕಾ’ ಎಂದೆ.

ಮೂರು ಇಪ್ಪತ್ತಾರಕ್ಕೆ ಭಾರ ಬಂತು. ಆಗಲೂ ಮುಳ್ಳು ಅಲ್ಲಾಡಲಿಲ್ಲ. ಸಮಿತಿ ಬರೆಯಿತು: ಅರ್ಜಿದಾರರೇ ಒಪ್ಪಿ ತಂದ ಸಾಧನದ ಪ್ರಕಾರ ಸದರಿ ಊರಿನಲ್ಲಿ ತೂಕದ ಬದಲಾವಣೆ ಇರುವುದಿಲ್ಲ, ಇಲ್ಲದ ವಸ್ತುವನ್ನು ಯಾರೂ ಕದಿಯುವುದು ಸಾಧ್ಯವಿರುವುದಿಲ್ಲ. ಸಿದ್ರಾಮಪ್ಪ ಕೆಳಗೆ ರುಜು ಹಾಕಿದ. ಆಮೇಲೆ ಅವನು ತಕ್ಕಡಿಯನ್ನು ಅಡತಿ ಅಂಗಡಿಯೊಂದಕ್ಕೆ ಕೊಟ್ಟು ಮನೆಯಲ್ಲಿ ಕೂತುಬಿಟ್ಟ. ಆಮೇಲೆ ಬೇರೆ ಯಾರು ಏನು ಹೇಳಿದರೂ ಕೇಳದೆ, ತಾನೇ ಪಾಪ ಮಾಡಿ ಅರಿವೆ ತೆಗೆದದ್ದರಿಂದ ತಕ್ಕಡಿ ಸಿಟ್ಟಾಯಿತು ಎಂದು ಸಾಯುವವರೆಗೂ ನಂಬಿದ್ದ. ನಾನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಇನ್ನೂ ಕೆಲವು ವರ್ಷ ಬದುಕುತ್ತಿದ್ದನೇನೋ.

ಹತ್ತನೆಯ ದಿನ ದ್ಯಾಮಣ್ಣ ಜಿನ್ನಿನ ಗೇಟಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ. ಅವನ ಕೈಯಲ್ಲಿ ಐದು ಕಿಲೋದ ತೂಕದ ಕಲ್ಲು ಇತ್ತು.

‘ಇವತ್ತ ಮೂರು ಹತ್ತಕ್ಕ ಸುಮ್ಮನ ಇದನ್ನ ಎತ್ತಿ ನೋಡಿದೆ’ ಎಂದ. ‘ಇದೂ ಹಗುರ ಆಗಿತ್ತು.’

ಅವನು ಕಲ್ಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ.

‘ನಾನು ಹೆಬ್ಬೆಟ್ಟಿನಾಂವ. ನನಗ ತಿಳಿಯಾಕ ಹತ್ತ ದಿನಾ ಬೇಕಾತು. ನಿನಗ ಎಷ್ಟೊತ್ತ ಬೇಕಾಗಿತ್ತು?’

‘ಕಾಕಾ, ಅಕ್ಕ...’

‘ಆಕಿ ಹೆಸರ ತಗೀಬ್ಯಾಡ. ಆಕಿ ಹೆಸರಿಲೇ ಮಾಡಿದ್ರ ನೀ ಮಾಡಿದ್ದು ಹಗುರ ಆಗೂದಿಲ್ಲ.’ ಅವನು ಕಲ್ಲನ್ನು ನನ್ನ ಕಾಲಿನ ಹತ್ತಿರ ಇಟ್ಟು ಹೋದ. ಅಂದಿನಿಂದ ಊರು ನನ್ನೊಡನೆ ಮಾತು ಬಿಟ್ಟಿತು.

ಸುದ್ದಿ ಕಿಟಕಿಯ ಮೂಲಕ ಅಕ್ಕನಿಗೂ ತಲುಪಿತು; ದ್ಯಾಮಣ್ಣನ ಹೆಂಡತಿ ರಸ್ತೆಯಲ್ಲಿ ನಿಂತು ಕೂಗಿ ಹೇಳಿದ್ದಳು. ಆ ಸಂಜೆ ನಾನು ಹೆಜ್ಜೆ ಎಣಿಸಿ ಬರೆಯುತ್ತಿದ್ದಾಗ ಅಕ್ಕ ನಡೆಯುವುದನ್ನು ನಿಲ್ಲಿಸಿದಳು.

‘ನಿನಗ ಗೊತ್ತಿತ್ತೇನೋ?’

‘ಗೊತ್ತಿತ್ತು.’

‘ನನ್ನ ಸಲುವಾಗಿ ಸುಮ್ಮಕಾದಿ?’

‘ಹೂಂ.’

ಅವಳು ಗೋಡೆಗೆ ಕೈಯೂರಿದಳು. ‘ನೀ ನನ್ನ ಕೇಳಬೇಕಾಗಿತ್ತು’ ಎಂದಳು. ಆಮೇಲೆ, ‘ಕೇಳಿದ್ರೂ ಹೇಳು ಅಂತಿರಲಿಲ್ಲ ಕಾಣಸತೈತಿ’ ಎಂದಳು. ನನಗೆ ಬೈಗುಳ ಬೇಕಾಗಿತ್ತು. ಏಳು ತಲೆಮಾರು ಜಾಲಾಡುವ ಬಾಯಿ ಅದು. ‘ಬ್ಯಾಡ ಅನ್ನಬೇಕು ತಮ್ಮಾ. ಈಗಿಂದೀಗ ಹೊರಗ ಬಂದು ಇದನ್ನ ಮುಚ್ಚರಿ ಅನ್ನಬೇಕು. ಅನ್ನಾಕ ಆಗವಲ್ದು.’ ಹಾಗೆಂದು ಮತ್ತೆ ನಡೆಯತೊಡಗಿದಳು. ನಾನು ಎಣಿಸತೊಡಗಿದೆ.

ಅವಳು ಅಲ್ಲಿ ಒಟ್ಟು ಎರಡು ವರ್ಷ ಎರಡು ತಿಂಗಳು ಇದ್ದಳು. ಕೊನೆಕೊನೆಗೆ ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಮಾರ್ಕೆಟ್ಟು ನೋಡುತ್ತ ಕೂರುತ್ತಿದ್ದಳು. ಬದನೆಕಾಯಿಯವಳು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ‘ಕಾಲು ಬಂದಾವು, ಜಗಳಾಡಾಕ ಒಬ್ಬರೂ ಇಲ್ಲ’ ಎನ್ನುತ್ತಿದ್ದಳು. ನಾನು ಹೊರಗಿನಿಂದ ಬದನೆಕಾಯಿ ತಂದು ಕೊಟ್ಟರೆ ತಿರುಗಿಸಿ ನೋಡದೆಯೇ ಬುಟ್ಟಿಗೆ ಹಾಕುವಳು. ಒಂದು ದಿನ ಸೀನಿದಳು, ಎರಡು ಪಕ್ಕೆಲುಬು ಮುರಿದವು. ಇನ್ನೊಂದು ದಿನ ರೊಟ್ಟಿ ಬಡಿಯುವಾಗ ಮಣಿಕಟ್ಟು ಸೀಳಿತು. ಮೇಡಂ ಅವಳ ಎಲುಬಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಕಟಾವಾದ ಹೊಲದಲ್ಲಿ ಉಳಿದ ಜೋಳದ ದಂಟಿನ ಹಾಗೆ, ಹೊರಗೆ ಒಂದು ಸಿಪ್ಪೆ, ಒಳಗೆ ಬೆಂಡು. ಅವರ ಕಣ್ಣಲ್ಲಿ ನೀರಿತ್ತು. ಚಿತ್ರದ ಮೂಲೆಯಲ್ಲಿ ತಾರೀಖು ಬರೆಯುವುದನ್ನು ಮಾತ್ರ ಅವರು ಮರೆಯಲಿಲ್ಲ.

ಬೇಕಾದದ್ದು ಸಿಕ್ಕ ಮೇಲೆ ಕೇಂದ್ರವನ್ನು ಇನ್ನೂ ದೊಡ್ಡ ಊರಿಗೆ ಒಯ್ದರು. ತಗಡು ಬಿಚ್ಚಿದರು, ಕೊಳವೆ ಎಳೆದು ಲಾರಿಗೆ ಹಾಕಿದರು. ಭಾರ ಹೊತ್ತಿನಲ್ಲಿ ಅದನ್ನು ಹೇರಿದವರು ನಮ್ಮ ಹಮಾಲರೇ. ಬೇರೆ ಕೆಲಸ ಉಳಿದಿರಲಿಲ್ಲ. ಹೊರಡುವ ಮುನ್ನ ಮೇಡಂ ತಮ್ಮ ಪ್ರಬಂಧದ ಒಂದು ಪ್ರತಿ ನನಗೆ ಕೊಟ್ಟರು. ಅದರಲ್ಲಿ ಊರಿಗೆ ಹೆಸರಿಲ್ಲ, ‘ಒಂದು ಸ್ಥಳ’ ಎಂದಿದೆ. ಅಕ್ಕನಿಗೂ ಹೆಸರಿಲ್ಲ, ‘ವ್ಯಕ್ತಿ ಒಂದು’. ನನ್ನ ದುಂಡು ಅಂಕಿಗಳೆಲ್ಲ ಕೋಷ್ಟಕಗಳಲ್ಲಿವೆ, ನಿಮಿಷ ನಿಮಿಷಕ್ಕೆ. ಹಗುರ ಹೊತ್ತು ಇಲ್ಲವೇ ಇಲ್ಲ ಎಂಬ ಸಮಿತಿಯ ವರದಿಯನ್ನೂ, ಅದು ಎಷ್ಟು, ಹೇಗೆ ಎಂಬ ಪ್ರಬಂಧವನ್ನೂ ನಾನು ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಎರಡೂ ಸರಿಯಾದ ಕಾಗದಗಳು.

ಹೋದ ಹೊತ್ತು ತಿರುಗಿ ಬರಲಿಲ್ಲ. ಮೂರು ಹತ್ತರ ಸುಮಾರಿಗೆ ಎರಡು ನಿಮಿಷ ಸೆರಗು ಅಲ್ಲಾಡಿದಂತಾಗುತ್ತದೆ, ಅಷ್ಟೇ. ಅಕ್ಕ ಮನೆಯ ಮಂಚಕ್ಕೆ ಮರಳಿದಳು. ಈಗ ಎದ್ದು ಕೂರಲೂ ಆಗುತ್ತಿರಲಿಲ್ಲ. ಆದರೂ ಎರಡೂವರೆಗೆ ಚಪ್ಪಲಿ ಕೇಳುವಳು. ಹಾಕುತ್ತಿದ್ದೆ. ಎರಡು ನಿಮಿಷ ಕಣ್ಣು ತೆರೆದು ತೊಲೆ ನೋಡುವಳು. ‘ತಗೀಯಪಾ’ ಎನ್ನುವಳು. ತೆಗೆಯುತ್ತಿದ್ದೆ. ಒಂಬತ್ತು ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ಚಹಾ ಕುಡಿಸಲು ಅವಳ ತಲೆ ಎತ್ತಿದೆ, ಜೀವವಿರಲಿಲ್ಲ.

ಯಾರೂ ಬರಲಾರರು ಎಂದುಕೊಂಡಿದ್ದೆ. ಹತ್ತು ಗಂಟೆಗೆ ದ್ಯಾಮಣ್ಣ ಬಂದ, ಹಿಂದೆ ಮೂವರು ಹಮಾಲರು. ನನ್ನತ್ತ ನೋಡಲಿಲ್ಲ. ಹೊರಸಿನ ಮೇಲೆ ಮಲಗಿಸಿದ್ದ ಅಕ್ಕನ ಪಾದಗಳ ಬಳಿ ನಿಂತು, ‘ಉದ್ದಕ್ಕ ಹಾಕಬೇಕಾಗಿತ್ತಬೇ ಚೀಲ, ನೀ ಹೇಳಿದ್ದ ಖರೆ’ ಎಂದ. ಆಮೇಲೆ ಗೋಡೆಗೆ ಹೇಳುವಂತೆ ಹೇಳಿದ: ‘ಈಗ ಒಯ್ಯೂದು. ಭಾರ ಹೊತ್ತಿನ್ಯಾಗ. ಹಮಾಲರ ಹೆಣ್ಮಗಳು.’

ಬಾಗಿಲಲ್ಲಿ ಹೆಂಗಸರು ಸೇರಿದ್ದರು, ಬದನೆಕಾಯಿಯವಳೂ ಇದ್ದಳು. ಹಮಾಲರು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಭುಜಕ್ಕೆ ಮಡಚಿ ಹಾಕಿಕೊಂಡರು. ನಾಲ್ಕನೆಯ ಮೂಲೆಯಲ್ಲಿ ನಿಂತಿದ್ದವನು ಸರಿದು ಜಾಗ ಬಿಟ್ಟ. ದ್ಯಾಮಣ್ಣ ಬೇಡ ಅನ್ನಲಿಲ್ಲ, ನಾನು ಹೋಗಿ ನಿಂತೆ. ಭಾರದ ಹೊರೆ ಎತ್ತುವ ರೀತಿಯೇ ಬೇರೆ. ಮೊಣಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದು, ಇಡೀ ಮೈಯ ಬಲವನ್ನು ತೊಡೆಗೆ ಇಳಿಸಿಕೊಂಡು ಏಳಬೇಕು. ಎಲ್ಲರೂ ಹಾಗೆಯೇ ಬಗ್ಗಿದರು. ನಾನೂ ಬಗ್ಗಿದೆ. ‘ಹೂಂ’ ಎಂದ ದ್ಯಾಮಣ್ಣ.

ಹೊರಸು ಗಾಳಿಗೆ ಎದ್ದ ಹಾಳೆಯ ಹಾಗೆ ಮೇಲಕ್ಕೆ ಹಾರಿತು. ನಮ್ಮ ಬಲಕ್ಕೆ ಎದುರಾಗಿ ಅಲ್ಲಿ ಏನೂ ಇರಲಿಲ್ಲ. ನಾಲ್ವರೂ ತತ್ತರಿಸಿ ಒಂದೊಂದು ಹೆಜ್ಜೆ ಹಿಂದೆ ಹೋದೆವು. ಹೊರಸು ವಾಲಿತು, ಬದನೆಕಾಯಿಯವಳು ಚೀರಿ ಕೈ ಚಾಚಿದಳು. ಹೇಗೋ ಹಿಡಿದುಕೊಂಡೆವು. ಹೆಗಲ ಮೇಲೆ ಬರಿಯ ಹೊರಸಿನ ಕಟ್ಟಿಗೆಯ ತೂಕವಿತ್ತು.

‘ಏ, ಯಾರರ ಗಡಿಯಾರ ನೋಡ್ರೋ’ ಎಂದ ದ್ಯಾಮಣ್ಣ. ‘ಹಗುರ ಹೊತ್ತು ತಿರುಗಿ ಬಂತೇನು?’

ನಾನು ಅಭ್ಯಾಸಬಲದಿಂದ ಮಣಿಕಟ್ಟು ತಿರುಗಿಸಿ ನೋಡಿದೆ. ಹತ್ತೂ ನಲವತ್ತು. ನಮ್ಮ ಮೈ ಭಾರವಾಗಿಯೇ ಇತ್ತು, ಹಗುರವಾಗಿದ್ದದ್ದು ಒಳಗೆ ಬೆಂಡಾಗಿದ್ದ ಅಕ್ಕ ಮಾತ್ರ. ಬೀದಿಯ ಎರಡೂ ಕಡೆ ಜನ ಎದ್ದು ನಿಂತು, ಭಾರ ಹೊತ್ತಿನ ಹೆಣಕ್ಕೆ ಮಾಡುವಂತೆ ಟೊಪ್ಪಿಗೆ ತೆಗೆದು ಎದೆಗೆ ಹಿಡಿದಿದ್ದರು. ಅವರಿಗೆ ಗೊತ್ತಾಗದಿರಲೆಂದು ದ್ಯಾಮಣ್ಣ ಸೊಂಟ ಬಗ್ಗಿಸಿ, ಏದುಸಿರು ಬಿಡುತ್ತ ನಡೆಯತೊಡಗಿದ. ಉಳಿದಿಬ್ಬರೂ ಹಾಗೆಯೇ ಬಗ್ಗಿದರು. ನಾನೂ ಬಗ್ಗಿದೆ. ಸುಡುಗಾಡಿನವರೆಗೂ ನಾವು ಹಾಗೆಯೇ ಏದುಸಿರು ಬಿಡುತ್ತ, ಅವಳನ್ನು ಹಗುರ ಹೊತ್ತೆವು.